ವಸ್ತಿ ಬಸ್ಸಿನ ಮುಂಜಾನೆ

ಮಹಾನಂದಾ ಸಿಟ್ಟಿನ ಹೆಣ್ಣು. ಚಪ್ಪಲಿ ಹಾಕಿಕೊಂಡು ಕಂಪ್ಯೂಟರ್ ಕೋಣೆಗೆ ನುಗ್ಗಿದ ಕಂಡಕ್ಟರನೊಬ್ಬನನ್ನು ಅವಳು ಡಿಪೋದ ಗೇಟಿನತನಕ ಬೈದುಕೊಂಡು ಬಂದಿದ್ದಳು. ಆ ಕಂಡಕ್ಟರ್ ನಾನೇ, ರಮಜಾನ್. ಅಂದಿನಿಂದ ಅವಳ ಮೇಲೆ ನನಗೆ ಒಂದು ನಮೂನೆ ಅಕ್ಕರೆ.

ಅವಳ ಅಪ್ಪ ಗುಡದಪ್ಪ ನಮ್ಮ ಡಿಪೋದ ಡ್ರೈವರ್. ಅರ್ಧ ಆಯುಷ್ಯ ವಸ್ತಿ ಬಸ್ಸಿನಲ್ಲೇ ಕಳೆದವರು. ವಸ್ತಿ ಬಸ್ಸು ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ನಸುಕಿನಲ್ಲಿ ಅಲ್ಲಿಂದಲೇ ಹೊರಡುತ್ತದೆ. ಹೋಗಿ ಬರುವುದೆಲ್ಲ ಸೇರಿ ಒಂದೇ ಡ್ಯೂಟಿ. ನೌಕರಿಯಲ್ಲಿರುವಾಗಲೇ ಅಪ್ಪ ತೀರಿಹೋದರು, ಮಗಳಿಗೆ ಆಫೀಸಿನಲ್ಲಿ ಕೆಲಸ ಸಿಕ್ಕಿತು.

ಅದೇ ಬಸ್ಸಿಗೆ ಈಗ ನಾನು ಕಂಡಕ್ಟರ್. ಅದು ರಾತ್ರಿ ನಿಲ್ಲುವುದು ಯರಗುಪ್ಪಿಯಾಚೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿಯ ನೀಲಕ್ಕನ ಕಿಡ್ನಿ ಕೆಟ್ಟಿವೆ. ವಾರಕ್ಕೆ ಎರಡು ಸಲ ನಮ್ಮ ಬಸ್ಸು ಹಿಡಿದು ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗುತ್ತಾಳೆ. ನಸುಕಿನ ಬಸ್ಸು ತಪ್ಪಿದರೆ ಅವಳ ಪಾಳಿಯೂ ತಪ್ಪಿತೆಂದೇ ಲೆಕ್ಕ.

ಮೊನ್ನೆ ಎಲ್ಲ ಬಸ್ಸುಗಳ ವೇಳೆಯನ್ನೂ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಫೈಲ್ ಮಾಡಿ ಕಳಿಸಬೇಕಿತ್ತು. ಸಂಜೆ ನಾಲ್ಕು ಗಡುವು. ಫೈಲಿನಲ್ಲಿ ಇಲ್ಲದ ಬಸ್ಸು ಮರುದಿನದಿಂದ ರಸ್ತೆಗೆ ಇಳಿಯುವಂತಿಲ್ಲ. ಉಳಿದ ಸಾಲುಗಳೆಲ್ಲ ಹಸಿರಾದವು, ನಮ್ಮದೊಂದು ಮಾತ್ರ ಕೆಂಪು: ವೇಳೆ ತಪ್ಪು. ಮರುದಿನವೇ ನೀಲಕ್ಕನ ಪಾಳಿ.

ಹಳ್ಳಿಯಿಂದ ಹೊರಡುವ ವೇಳೆ 5:40 ಇದ್ದದ್ದನ್ನು ಮಹಾನಂದಾ 05:40:00 ಮಾಡಿದಳು. ಕೆಂಪು. ಅಂಕಿಯ ಹಿಂದೆ ಉಳಿದಿದ್ದ ಖಾಲಿ ಜಾಗ ಅಳಿಸಿದಳು. ಮತ್ತೂ ಕೆಂಪು. "ಇದರ ಬಾಯಾಗ ಮಣ್ಣ ಹಾಕ!" ಎಂದು ಮುಖ್ಯ ಕಚೇರಿಯ ಎಂಜಿನಿಯರ್ ಹೇಮಂತನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಮೇಡಂ, ಸಂಜಿ ಏಳೂವರಿಗೆ ಡಿಪೋ ಬಿಟ್ಟ ಬಸ್ಸು ಅವತ್ತಿನ ನಸುಕಿನ್ಯಾಗ ಹೆಂಗ ತಿರುಗಿ ಹೊರಡ್ತದ್ರಿ? ಟೈಪ್ ಮಾಡೂದ್ರಾಗ ತಪ್ಪೇತಿ. ರಾತ್ರಿ 20:40 ಇರಬೇಕು, ಹಾಕಿ ನೋಡ್ರಿ."

ಹಾಕಿದಳು. ಟಕ್ಕನೆ ಹಸಿರು! ಹಿಂದೆ ನಿಂತಿದ್ದ ಡಿಪೋ ಮ್ಯಾನೇಜರ್ ಸಂಗನಬಸವ ಸಾಹೇಬರು ಉಸಿರು ಬಿಟ್ಟರು. "ಆತಲ್ಲ, ಕಳಿಸಿಬಿಡು."

"ಬಸ್ಸು ರಾತ್ರೀನ ತಿರುಗಿ ಬಂದ್ರ ನಸುಕಿನ್ಯಾಗ ಅಲ್ಲಿ ಏನಿರ್ತೈತ್ರಿ, ಧೂಳಾ?" ಎಂದೆ ನಾನು.

"ಒಂದ ವಾರದಾಗ ಸರಿ ಮಾಡೂಣು. ಟೈಮ್ ನೋಡ್ರಿ, ನಾಕಾಗಾಕ ಬಂತು," ಎಂದರು ಸಾಹೇಬರು.

"ಒಂದ ವಾರ ನೀಲಕ್ಕನ ರಕ್ತ ಕಾಯ್ತೈತೇನ್ರಿ ಸಾಹೇಬ್ರ?" ಎಂದವಳೇ ಮಹಾನಂದಾ 20:40 ಅಳಿಸಿಬಿಟ್ಟಳು. ಸಾಲು ಮತ್ತೆ ಕೆಂಪಾಯಿತು. ಸಾಹೇಬರ ಮುಖವೂ ಕೆಂಪಾಯಿತು. ಒಂದು ಸಾಲು ಕೆಟ್ಟರೂ ಇಡೀ ಫೈಲೇ ವಾಪಸು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಹೇಮಂತ ಸರ್, ತಪ್ಪಿಲ್ರಿ. ನಮ್ಮ ಬಸ್ಸು ರಾತ್ರಿ ಹಳ್ಳ್ಯಾಗ ಮಲಗ್ತೈತಿ."

"ಬಸ್ಸು ಮಲಗ್ತದ?"

"ಹೌದ್ರಿ. ನಮ್ಮಪ್ಪ ಅದರಾಗ ಮಲಗಿ ಮುದುಕ ಆದ. ನಮ್ಮವ್ವ ದಿನಾ ಎರಡು ಹೊತ್ತಿನ ಬುತ್ತಿ ಕಟ್ಟತಿದ್ಲು. ಅದು ಮರುದಿನದ ನಸುಕ್ರಿ."

ಗೋಡೆಯ ಗಡಿಯಾರ ನೋಡುವ ಧೈರ್ಯ ನನಗಿರಲಿಲ್ಲ.

"ನನಗ ಗೊತ್ತ ಇರಲಿಲ್ರಿ," ಎಂದ ಹೇಮಂತ. "ಡ್ಯೂಟಿ ಮುಗಿಯೂತನಕ ಅದು ಒಂದ ದಿನ ಅಂತ ಹಿಡಿಯೂಣು. ಮಧ್ಯರಾತ್ರಿ ಆದಮ್ಯಾಲೂ ಎಣಿಸಿಕೋತ ಹೋಗ್ರಿ, ಇಪ್ಪತ್ನಾಕು, ಇಪ್ಪತ್ತೈದು... ಇಪ್ಪತ್ಮೂರರ ಮ್ಯಾಲಿನ ತಾಸು ಒಪ್ಪಂಗ ನಿಯಮ ನಾ ಸಡಿಲ ಮಾಡ್ತೀನಿ."

"ಪಂಚಾಂಗದಾಗ ಬರದಂಗ," ಎಂದಳು ಮಹಾನಂದಾ. ನಸುಕಿನಲ್ಲಿ ಮುಗಿಯುವ ತಿಥಿಯ ವೇಳೆಯನ್ನು ಅಲ್ಲಿ ಹಾಗೇ ಬರೆಯುತ್ತಾರೆ, ಸೂರ್ಯ ಹುಟ್ಟುವತನಕ ದಿನ ಮುಗಿಯುವುದಿಲ್ಲ. ಅವಳು ಇಪ್ಪತ್ನಾಲ್ಕಕ್ಕೆ ಐದು ಕೂಡಿಸಿ 29:40:00 ಎಂದು ಒತ್ತಿದಳು. ಕೆಂಪು. "ತಡೀರಿ, ಇನ್ನೂ ಮಾಡಾಕತ್ತೀನಿ!" ಎಂದು ಹೇಮಂತ ಕೂಗಿದ. ಅವಳು ಮತ್ತೆ ಒತ್ತಿದಳು, ತೆರೆಯ ಮೇಲೆ ಚಕ್ರ ತಿರುಗಿತು, ಸಾಹೇಬರು ದೇವರ ಹೆಸರು ಹೇಳಿದರು.

ಹಸಿರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಹಾನಂದಾ ಸೆರಗಿನಿಂದ ಮುಖ ಒರೆಸಿಕೊಂಡು, "ನಡಿಯಣ್ಣಾ, ಸಂಜಿಗೆ ಬಸ್ ಬಿಡೂದೈತಿ," ಎಂದಳು.

ಮರುದಿನ ನಸುಕಿನಲ್ಲಿ, ಹಳ್ಳಿಯ ಕಟ್ಟೆಯ ಹತ್ತಿರ ಡ್ರೈವರ್ ಎಂಜಿನ್ ಚಾಲೂ ಮಾಡುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮಹಾನಂದಾ.

"ನೀಲಕ್ಕ ಕುಂತಳೇನು?"

ಮೊದಲ ಸೀಟಿನಲ್ಲಿ ನೀಲಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಎಳೆಯುತ್ತಿದ್ದಳು.

"ಕುಂತಾಳವಾ," ಎಂದೆ.

"ಹಂಗಾರ ರೈಟ್ ಅನ್ನಣ್ಣಾ, ಏನ ನೋಡ್ತಿ!"