ವಾಟರ್ ಪಾರ್ಕಿಗೆ ಹೊರಟ ಅಮ್ಮ

ಸ್ನೇಹಿತರೇ, ಭಾನುವಾರ ಮಕ್ಕಳನ್ನು ಮಂಗಳೂರಿನ ವಾಟರ್ ಪಾರ್ಕಿಗೆ ಕರೆದೊಯ್ಯುವ ಮಾತು ಇವತ್ತು ಬೆಳಿಗ್ಗೆ ನಮ್ಮ ಗಂಗೊಳ್ಳಿ ಮನೆಯಲ್ಲಿ ನಡೆಯಿತು. ಅರವತ್ತೆಂಟರ ಅಮ್ಮ "ನಾನೂ ಬತ್ತೆ" ಅಂದಳು. ಫೋನ್ ಮಾಡಿ ವಿಚಾರಿಸಿದರೆ, ಸೀರೆ ಉಟ್ಟವರನ್ನು ನೀರಿಗೆ ಬಿಡುವುದಿಲ್ಲವಂತೆ.

ಅಮ್ಮ ಮನೆ ಎದುರಿನ ಹೊಳೆಯತ್ತ ಕೈ ತೋರಿಸಿದಳು. "ಮದುವಿಗ್ ಮುಂಚೆ ಸೀರಿ ಕಚ್ಚೆ ಹಾಕಿ ಈ ಹೊಳಿ ಈಜಿ ದಾಟ್ತಿದ್ದೆ ಮಗಾ. ಆಮೇಲೆ ನೀರಿಗ್ ಇಳದ್ದೇ ಇಲ್ಲೆ. ಯಾರೂ ಬ್ಯಾಡ ಅಂದದ್ದಿಲ್ಲೆ, ಬಾ ಅಂದ್ ಕರದದ್ದೂ ಇಲ್ಲೆ."

ಅಷ್ಟು ಹೇಳಿ ಎದ್ದು, ಒಣಹಾಕಿದ್ದ ನನ್ನ ಟ್ರ್ಯಾಕ್ ಪ್ಯಾಂಟನ್ನು ಎಳೆದು ಸೊಂಟಕ್ಕೆ ಹಿಡಿದಳು. "ಇದ್ ಆತ್ತಾ ಕಾಣ್."

ಪ್ಯಾಂಟು ಸರಿಯಾಯಿತು. ಅಲ್ಲಿಯ ನೀರು ಬರೀ ಸೊಂಟದ ಮಟ್ಟ ಎಂಬುದನ್ನು ಮಾತ್ರ ನಾನು ಅವಳಿಗೆ ಇನ್ನೂ ಹೇಳಿಲ್ಲ.