ಹೋಳಿಗೆ ಹೆಣ್ಣು

ನಮ್ಮ ಬೀಗಿತ್ತಿ ಪೋರ್ಚುಗಲ್‌ನವರು. ಮಗಳ ಮದುವೆಯಾದ ವಾರ ಬನಶಂಕರಿಯ ನಮ್ಮ ಮನೆಗೆ ಊಟಕ್ಕೆ ಬಂದವರು ಏಳು ಹೋಳಿಗೆ ತಿಂದರು. ತಿಂದರು ಅನ್ನುವುದು ಸುಳ್ಳು, ನಾನು ತಿನ್ನಿಸಿದೆ. ಎಲೆ ಖಾಲಿಯಾದರೆ ಇನ್ನೂ ಬೇಕು ಅಂತ ನಮ್ಮ ಲೆಕ್ಕ. ಎಲೆಯಲ್ಲಿ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನ ಅಂತ ಅವರ ಲೆಕ್ಕ. ಅವರು ಖಾಲಿ ಮಾಡುತ್ತಾ ಹೋದರು, ನಾನು ಹಾಕುತ್ತಾ ಹೋದೆ. ಎಲೆಗೆ ಕೈ ಅಡ್ಡ ಹಿಡಿಯಬೇಕೆಂದು ಆ ಹೆಂಗಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನದಿಂದ ಎರಡು ದಿನ ಅವರು ಜೆ.ಪಿ. ನಗರದ ಮಗಳ ಮನೆಯಲ್ಲಿ ಹಾಸಿಗೆ ಬಿಟ್ಟು ಏಳಲಿಲ್ಲ.

ಎರಡು ವರ್ಷದ ಮೇಲೆ ಅವರು ಮತ್ತೆ ಬರುತ್ತಾರೆ ಅಂತಾದಾಗ ಮಗಳು ಫೋನಿನಲ್ಲಿ ಮೆಲ್ಲಗೆ ಹೇಳಿದಳು: "ಅಮ್ಮಾ, ಬೇಜಾರು ಮಾಡ್ಕೋಬೇಡ. ಈ ಸಲ ನಿಮ್ಮನೇಲಿ ಬರೀ ಕಾಫಿ ಸಾಕು ಅಂದ್ರು ಅತ್ತೆ."

ಬೇಜಾರಾಗದೆ ಇರುತ್ತದೆಯೇ? ನನ್ನ ಕೈಯಡುಗೆಗೆ ನೆಂಟರು ಹೆದರುವುದೆಂದರೇನು! ಮರುದಿನ ಬೆಳಗ್ಗೆ ಎದ್ದವಳೇ ತೀರ್ಮಾನಿಸಿದೆ: ಅವರು ನಮ್ಮ ಮನೆಯಲ್ಲಿ ಉಣ್ಣಬೇಕು, ಅವರಿಗೆ ಬೇಕಾದ್ದನ್ನು, ಬೇಕಾದಷ್ಟನ್ನು. ಅದನ್ನು ಮಗಳ ಬಾಯಿಂದಲ್ಲ, ನಾನೇ ಕೇಳಬೇಕು.

ವಿಲ್ಸನ್ ಗಾರ್ಡನ್‌ನಲ್ಲಿ ಗೋವಾ ಕಡೆಯ ಹಿರಿಯ ಮೇಡಂ ಒಬ್ಬರು ಮನೆಯಲ್ಲೇ ಪೋರ್ಚುಗೀಸ್ ಹೇಳಿಕೊಡುತ್ತಿದ್ದರು. ಹೋಗಿ ನೇರವಾಗಿ ಹೇಳಿದೆ, "ನಂಗೆ ಎರಡೇ ಪ್ರಶ್ನೆ ಸಾಕು ಮೇಡಂ. ಯಾವುದು ಬೇಕು, ಎಷ್ಟು ಬೇಕು."

"ಯಾವುದು ಅನ್ನೋದು ಸುಲಭ, ಕ್ವಾಲ್," ಅಂದರು. "ಎಷ್ಟು ಅನ್ನೋದು ಕಷ್ಟ ಕಣ್ರೀ. ಮೊದ್ಲು ಆ ತಿಂಡಿ ಗಂಡೋ ಹೆಣ್ಣೋ ಹೇಳಿ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಎಣಿಸುವ ವಸ್ತು ಗಂಡಾದರೆ ಕ್ವಾಂತುಶ್, ಹೆಣ್ಣಾದರೆ ಕ್ವಾಂತಶ್. ಕಾಫಿ ಗಂಡಂತೆ, ನೀರು ಹೆಣ್ಣಂತೆ, ಅನ್ನ ಮತ್ತೆ ಗಂಡಂತೆ. ಅರವತ್ತೊಂದು ವರ್ಷ ಇವೆಲ್ಲವನ್ನೂ 'ಅದು' ಎಂದು ಕರೆದು ಒಂದೇ 'ಎಷ್ಟು'ವಿನಲ್ಲಿ ಬದುಕು ಸಾಗಿಸಿದವಳು ನಾನು.

"ಹೋಳಿಗೆ?" ಅಂದೆ.

"ಅವರ ಭಾಷೇಲಿ ಹೋಳಿಗೇನೇ ಇಲ್ವಲ್ಲ. ನೀವೇ ತೀರ್ಮಾನ ಮಾಡಿ."

ಮೃದುವಾಗಿರುತ್ತದೆ, ಹೊಟ್ಟೆಯೊಳಗೆ ಹೂರಣ ಇಟ್ಟುಕೊಂಡಿರುತ್ತದೆ, ಕಾವಲಿಯ ಮೇಲೆ ಬೆಂದರೂ ಹರಿಯುವುದಿಲ್ಲ. ಹೆಣ್ಣೇ ಎಂದೆ. ಮೇಡಂ ಒಪ್ಪಿದರು. ಒಂದು ತಿಂಗಳು ಲಟ್ಟಣಿಗೆ ಹಿಡಿದಾಗೆಲ್ಲ ಕ್ವಾಂತಶ್, ಕ್ವಾಂತಶ್ ಎಂದು ಗುನುಗಿದೆ.

ಬೀಗಿತ್ತಿ ಬಂದರು. ಬರೀ ಕಾಫಿ ಎಂದು ಒಪ್ಪಿಸಿದ್ದ ಮಗಳಿಗೆ ಹೇಳದೆ ಬೇಳೆ ಹೋಳಿಗೆ, ಕಾಯಿ ಹೋಳಿಗೆ ಎರಡೂ ಮಾಡಿಟ್ಟಿದ್ದೆ. ಅವರನ್ನು ನಮ್ಮಲ್ಲಿ ಇಳಿಸಿ, ಮಗಳೂ ಅಳಿಯನೂ ಯಾವುದೋ ಸಾಮಾನಿಗೆಂದು ಮಡಿವಾಳಕ್ಕೆ ಹೋದವರು ಬರಲೇ ಇಲ್ಲ. ಫೋನ್ ಬಂತು. "ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಾಕ್ಕೊಂಡಿದೀವಿ ಅಮ್ಮಾ. ನೀನೇ ಏನಾದ್ರೂ ಕೊಡು. ಬಲವಂತ ಮಾತ್ರ ಮಾಡ್ಬೇಡ!"

ಎಲೆ ಹಾಕಿದೆ. ಬೀಗಿತ್ತಿಯ ಮುಖ ಬಾಡಿತು. ನಾನು ಎರಡು ತಟ್ಟೆ ಮುಂದೆ ಹಿಡಿದು "ಕ್ವಾಲ್?" ಎಂದೆ. ಅವರು ತಟ್ಟನೆ ತಲೆಯೆತ್ತಿ, ಎರಡನ್ನೂ ಮೂಸಿ ನೋಡಿ, ಕಾಯಿ ಹೋಳಿಗೆಗೆ ಬೆರಳು ತೋರಿಸಿದರು.

ಮುಂದಿನ ಪ್ರಶ್ನೆ ಕೇಳಲು ಹಿಂಜರಿದೆ. ಪದ ಮರೆತಿರಲಿಲ್ಲ. ನೆಂಟರನ್ನು ಎಷ್ಟು ಹಾಕಲಿ ಎಂದು ಕೇಳಬಾರದು, ಕೇಳಿದರೆ ಕಡಿಮೆ ಹೇಳಲಿ ಎಂದು ಕಾಯುವ ಜಿಪುಣರಾಗುತ್ತೇವೆ ಎಂದು ನಮ್ಮತ್ತೆ ನನಗೆ ಮದುವೆಯಾದ ಮೊದಲ ವರ್ಷವೇ ಕಲಿಸಿದ್ದರು. ಇಷ್ಟು ವರ್ಷ ಒಬ್ಬರನ್ನೂ ಕೇಳಿಲ್ಲ. ಮನಸ್ಸಿನಲ್ಲೇ ಅತ್ತೆಯ ಕ್ಷಮೆ ಕೇಳಿ, ಕಣ್ಣು ಮುಚ್ಚಿ ಅಂದೇಬಿಟ್ಟೆ: "ಕ್ವಾಂತಶ್?"

"ದುವಶ್," ಎಂದರು. ಎರಡು.

ಎರಡು ಹಾಕಿದೆ, ತುಪ್ಪ ಬಿಟ್ಟೆ. ಅವರು ನಿಧಾನವಾಗಿ, ಪ್ರತಿ ತುತ್ತನ್ನೂ ಅಗಿದು ತಿಂದರು. ಹೋದ ಸಲ ಅವರು ನುಂಗಿದ್ದನ್ನಷ್ಟೇ ನೋಡಿದ್ದೆ, ರುಚಿ ನೋಡಿದ್ದನ್ನು ಈಗಲೇ ಕಂಡದ್ದು. ಎಲೆ ಖಾಲಿಯಾಯಿತು. ನನ್ನ ಕೈ ತನ್ನಷ್ಟಕ್ಕೆ ಮೂರನೆಯದನ್ನು ಎತ್ತಿಬಿಟ್ಟಿತ್ತು. ಬೀಗಿತ್ತಿಯ ಕಣ್ಣು ಆ ಹೋಳಿಗೆಯ ಮೇಲೇ ಇತ್ತು. ಅದನ್ನು ತಟ್ಟೆಗೆ ವಾಪಸ್ ಇಟ್ಟು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಹೆಚ್ಚೇನೂ ಮಾಡಿಲ್ಲ.

ಅವರು ಕೈ ತೊಳೆಯಲು ಏಳಲಿಲ್ಲ. ಎಲೆ ನೋಡಿದರು, ತಟ್ಟೆ ನೋಡಿದರು, ನನ್ನನ್ನು ನೋಡಿ, ಪಾಠ ಮರೆತವಳಿಗೆ ಮೇಡಂ ಎತ್ತಿಕೊಡುವ ಹಾಗೆ ಹುಬ್ಬು ಹಾರಿಸಿ ಹೇಳಿದರು: "ಕ್ವಾಂತಶ್?"

ಮತ್ತೊಮ್ಮೆ ಕೇಳು ಅನ್ನುತ್ತಿದ್ದಾರೆ! ನಾನು ಮನೆಯೆಲ್ಲ ಕೇಳುವಂತೆ ಕೂಗಿದೆ, "ಕ್ವಾಂತಶ್?"

ಬೀಗಿತ್ತಿ ಒಂದು ಬೆರಳೆತ್ತಿದರು. ಆಮೇಲೆ ಬೇಳೆ ಹೋಳಿಗೆಯ ತಟ್ಟೆಯ ಕಡೆ ಕಣ್ಣು ಹಾಯಿಸಿ, ಇನ್ನೊಂದು ಬೆರಳನ್ನೂ ಎತ್ತಿದರು.