ಪುಟ್ಟತಾಯಮ್ಮ ಬಾಗಿಲು ಬಡಿಯುವ ಹೊತ್ತು

ಇನ್ನೂ ಬೆಳಕು ಹರಿದಿಲ್ಲ. ಪುಟ್ಟತಾಯಮ್ಮ ತಿಮ್ಮಪ್ಪನ ಮನೆಯ ಬಾಗಿಲು ಬಡಿಯುತ್ತಾರೆ. "ಮೇಘಶ್ರೀ, ಎದ್ದೇಳವ್ವ. ಮನು, ನೀನೂ ಏಳ್ಲಾ." ಒಳಗೆ ದೀಪ ಹತ್ತುತ್ತದೆ. ಅಷ್ಟಕ್ಕೇ ಹೊರಡುವವರಲ್ಲ ಇವರು. ದೀಪ ಹಚ್ಚಿಟ್ಟು ಮತ್ತೆ ಕಂಬಳಿ ಎಳೆದುಕೊಳ್ಳುವ ಮಕ್ಕಳ ಕಳ್ಳಾಟವನ್ನು ಎಷ್ಟೋ ಕಂಡಿದ್ದಾರೆ. "ಬೀದಿಗೆ ಕೇಳಂಗೆ ಓದ್ರಪ್ಪ" ಎನ್ನುತ್ತಾ ಜಗುಲಿಯ ಮೇಲೆ ಕೂರುತ್ತಾರೆ. ಓದುವ ದನಿ ಕೇಳಿದ ಮೇಲೆಯೇ ಮುಂದಿನ ಮನೆ.

ಹೊಳೆನರಸೀಪುರ ತಾಲ್ಲೂಕು ಹಳೇಕೋಟೆ ಹೋಬಳಿಯ ಹುಣಸೇಕೊಪ್ಪಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇವರದು ಜವಾನರ ಕೆಲಸ. ಗಂಟೆ ಹೊಡೆಯಬೇಕು, ಕಸ ಗುಡಿಸಬೇಕು, ನೀರು ತುಂಬಬೇಕು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಎಬ್ಬಿಸಿ ಎಂದು ಯಾರೂ ಹೇಳಿದ್ದಲ್ಲ. ಸಂಕ್ರಾಂತಿ ಕಳೆದದ್ದೇ ತಡ, ಪರೀಕ್ಷೆ ಮುಗಿಯುವವರೆಗೂ ಮುಂಜಾವದ ನಿದ್ದೆ ಬಿಟ್ಟಂತೆಯೇ.

ಈ 2003ರಲ್ಲಂತೂ ಅವರ ಎದೆಯಲ್ಲಿ ಅಳುಕಿದೆ. ಕಳೆದ ಸಲ ಇಲ್ಲಿ ಅರ್ಧಕ್ಕರ್ಧ ಮಕ್ಕಳು ನಪಾಸು. ಊರವರು ಹೊಳೆನರಸೀಪುರದ ಖಾಸಗಿ ಶಾಲೆಯ ಫಲಿತಾಂಶದ ಜೊತೆ ತೂಗಿ ನೋಡಿ, ಗಂಡುಮಕ್ಕಳನ್ನು ಅಲ್ಲಿಯ ವ್ಯಾನು ಹತ್ತಿಸಿದ್ದಾರೆ. ಎಂಟನೇ ತರಗತಿಗೆ ಸೇರುವವರು ಇನ್ನೂ ಕಡಿಮೆಯಾದರೆ ಈ ಶಾಲೆಯನ್ನೇ ಮುಚ್ಚುವ ಮಾತಿದೆ. ಈ ಸಲವೂ ಫಲಿತಾಂಶ ಕೈಕೊಟ್ಟರೆ ಯಾರು ಸೇರಿಸುತ್ತಾರೆ?

ತಿಮ್ಮಪ್ಪನ ಮಕ್ಕಳಿಬ್ಬರೂ ಅವಳಿ. ಮನು ವ್ಯಾನಿನ ಶಾಲೆ, ಮೇಘಶ್ರೀ ಊರ ಶಾಲೆ. "ಅಲ್ಲ ಪುಟ್ಟತಾಯಕ್ಕ, ಮನು ಪಾಸಾದ್ರೆ ಎಸ್ರು ಬರಾದು ಆ ಇಸ್ಕೂಲ್ಗೆ. ಅವುನ್ನ್ಯಾಕೆ ಎಬ್ಬುಸ್ತೀಯ?" ಎಂದು ತಿಮ್ಮಪ್ಪ ಛೇಡಿಸುತ್ತಾರೆ.

"ಒಂದೇ ಚಾಪೆ ಮ್ಯಾಲೆ ಮಲ್ಗಿರೋ ಮಕ್ಳು. ಒಂದುನ್ನ ಎಬ್ಬುಸಿ ಒಂದುನ್ನ ಬುಡಕ್ಕಾಯ್ತದಾ?"

ಪುಟ್ಟತಾಯಮ್ಮನ ಮಗಳು ಶಾಂತಕುಮಾರಿ 1991ರಲ್ಲಿ ಏಳನೇ ತರಗತಿ ಪಾಸಾದಾಗ ಊರಲ್ಲಿ ಹೈಸ್ಕೂಲಿರಲಿಲ್ಲ. ಒಬ್ಬಳೇ ಹಳೇಕೋಟೆಗೆ ನಡೆದು ಹೋಗುವುದು ಬೇಡವೆಂದು ಅಪ್ಪ ಬಿಡಿಸಿದ. "ಪುಸ್ತಕದ ಚೀಲನ ಗೂಟುಕ್ಕೆ ನೇತಾಕುದ್ಲು ಸಾ. ಮದ್ವೆ ಆಗೋಗಂಟ ತೆಗಿಯಕ್ಕೆ ಬುಡ್ಲಿಲ್ಲ." ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಊರಿಗೆ ಹೈಸ್ಕೂಲು ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಎರಡು ಶಾಲೆಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ಲ.

"ಆ ಇಸ್ಕೂಲೇ ಚೆಂದಾಗಿರ್ಬೋದು ಸಾ, ನಾನು ಇಲ್ಲ ಅನ್ನಕಿಲ್ಲ. ಇದು ಮುಚ್ಚೋದ್ರೆ ಗಂಡ್ಮಕ್ಳು ವ್ಯಾನ್ ಅತ್ಕಂಡು ಓಯ್ತವೆ. ಎಣ್ಮಕ್ಳುನ್ನ ಯಾರು ಸಾ ಅತ್ತುಸ್ತಾರೆ?"